ಬಾಬ್‌ಸ್ಲೆಡ್: ಪ್ರತಿ ಒಲಿಂಪಿಕ್ಸ್‌ಗೂ ಹೊಸ ಟ್ರ್ಯಾಕ್ ಯಾಕೆ ಬೇಕು?

2023ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಮುಂಬೈನಲ್ಲಿ ನಡೆಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿದ್ದು ಅಲ್ಲೇ. ನಮ್ಮಲ್ಲಿ ಎಲ್ಲರೂ ಅದನ್ನೇ ಮಾತಾಡಿದರು. ಅದೇ ಸಭೆಯಲ್ಲಿ ಇಟಲಿಯ ಒಲಿಂಪಿಕ್ ಸಮಿತಿಯ ಮುಖ್ಯಸ್ಥ ಜಿಯೊವಾನ್ನಿ ಮಲಗೊ ಇನ್ನೊಂದು ಸುದ್ದಿ ಹೇಳಿದರು. ನಮ್ಮ ಕಡೆ ಅದನ್ನು ಗಮನಿಸಿದವರು ಕಡಿಮೆ. 2026ರ ಮಿಲಾನೊ-ಕೊರ್ಟಿನಾ ಚಳಿಗಾಲದ ಒಲಿಂಪಿಕ್ಸ್‌ನ ಬಾಬ್‌ಸ್ಲೆಡ್, ಲ್ಯೂಜ್ ಮತ್ತು ಸ್ಕೆಲಿಟನ್ ಸ್ಪರ್ಧೆಗಳನ್ನು ಇಟಲಿಯ ಹೊರಗೆ ನಡೆಸಬೇಕಾಗುತ್ತದೆ ಎಂಬುದೇ ಆ ಸುದ್ದಿ. ಮೂರೂ ಮಂಜುಗಡ್ಡೆಯ ಇಳಿಜಾರು ಹಾದಿಯಲ್ಲಿ ಸ್ಲೆಡ್ ಮೇಲೆ, ಅಂದರೆ ಚಕ್ರವಿಲ್ಲದ ಜಾರುಗಾಡಿಯ ಮೇಲೆ, ಇಳಿಯುವ ಆಟಗಳು. ಬಾಬ್‌ಸ್ಲೆಡ್‌ನಲ್ಲಿ ಕೂತು, ಲ್ಯೂಜ್‌ನಲ್ಲಿ ಅಂಗಾತ ಮಲಗಿ, ಸ್ಕೆಲಿಟನ್‌ನಲ್ಲಿ ಬೋರಲು ಮಲಗಿ ಜಾರುತ್ತಾರೆ. ಕೊರ್ಟಿನಾದಲ್ಲಿ ಹೊಸ ಟ್ರ್ಯಾಕ್ ಕಟ್ಟಬೇಕಿತ್ತು. ಟೆಂಡರ್ ಕರೆದರೆ ಯಾವ ಗುತ್ತಿಗೆದಾರರೂ ಮುಂದೆ ಬಂದಿರಲಿಲ್ಲ.

ಕೆಲವೇ ತಿಂಗಳಲ್ಲಿ ಎಲ್ಲ ಉಲ್ಟಾ ಆಯಿತು. ಇಟಲಿ ಸರ್ಕಾರ ಪಟ್ಟು ಹಿಡಿಯಿತು. ಪಾರ್ಮಾ ನಗರದ ಪಿಜರೊಟ್ಟಿ ಎಂಬ ಕಂಪನಿ ಕೆಲಸ ಒಪ್ಪಿಕೊಂಡಿತು. 2024ರ ಫೆಬ್ರವರಿಯಲ್ಲಿ ಕೊರ್ಟಿನಾ ಪಕ್ಕದ ಕಾಡಿನಲ್ಲಿ ನೂರಾರು ಲಾರ್ಚ್ ಮರಗಳು ಉರುಳಿದವು. ಪರಿಸರ ಸಂಘಟನೆಗಳು ಬೀದಿಗಿಳಿದವು. ಒಲಿಂಪಿಕ್ ಸಮಿತಿಯೇ 'ಹೊಸದು ಬೇಡ, ಇರುವುದನ್ನೇ ಬಳಸಿ' ಎಂದು ಮತ್ತೆ ಮತ್ತೆ ಹೇಳಿತು. ಕೆಲಸ ಹೊತ್ತಿಗೆ ಮುಗಿಯದಿದ್ದರೆ ಅಂತ ಅಮೆರಿಕದ ಲೇಕ್ ಪ್ಲಾಸಿಡ್ ಟ್ರ್ಯಾಕನ್ನು ಬದಲಿ ಜಾಗವಾಗಿ ಗೊತ್ತು ಮಾಡಿದ್ದೂ ಆಯಿತು. ಆದರೂ 2025ರ ಮಾರ್ಚ್ ಹೊತ್ತಿಗೆ ಹೊಸ ಟ್ರ್ಯಾಕ್ ಮೇಲೆ ಮೊದಲ ಪ್ರಾಯೋಗಿಕ ಓಟಗಳು ನಡೆದುಬಿಟ್ಟವು. ಖರ್ಚು ಸುಮಾರು 12 ಕೋಟಿ ಯೂರೊ. ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಗೂ ಮೀರಿದ್ದು.

ಇಷ್ಟು ಹಣ ಸುರಿದು ಕಟ್ಟುವ ಈ ಟ್ರ್ಯಾಕ್ ನಿಜವಾಗಿ ಯಾರಿಗೆ ಬೇಕು? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಬಾಬ್‌ಸ್ಲೆಡ್‌ನ ಇತಿಹಾಸಕ್ಕೇ ಹೋಗಬೇಕು. ಈ ಆಟದಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ಮೊದಲಿಂದಲೂ ನಿರ್ಧರಿಸುತ್ತಾ ಬಂದಿರುವುದು ಮಂಜುಗಡ್ಡೆಯ ಹಾದಿ ಯಾರ ಮನೆ ಬಾಗಿಲಲ್ಲಿದೆ ಎಂಬ ಒಂದೇ ಸಂಗತಿ.

ಹೋಟೆಲ್ ಅತಿಥಿಗಳ ಆಟ

ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳ ನಡುವೆ ಸೇಂಟ್ ಮೋರಿಟ್ಜ್ ಎಂಬ ಊರಿದೆ. 1860ರ ದಶಕದವರೆಗೂ ಅಲ್ಲಿಗೆ ಪ್ರವಾಸಿಗರು ಬರುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ. ಚಳಿಗಾಲ ಬಂತೆಂದರೆ ಹೋಟೆಲ್‌ಗಳು ಖಾಲಿ. ಕುಲ್ಮ್ ಹೋಟೆಲ್ ಮಾಲೀಕ ಯೊಹಾನೆಸ್ ಬಡ್ರುಟ್ 1864ರಲ್ಲಿ ತನ್ನ ಇಂಗ್ಲಿಷ್ ಅತಿಥಿಗಳ ಜತೆ ಬಾಜಿ ಕಟ್ಟಿದ ಎಂಬ ಕಥೆ ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಬಂದು ನೋಡಿ, ಇಷ್ಟವಾಗದಿದ್ದರೆ ನಿಮ್ಮ ಪ್ರಯಾಣದ ಖರ್ಚು ನನ್ನದು ಎಂದನಂತೆ. ಅವರು ಬಂದರು. ತಿಂಗಳುಗಟ್ಟಲೆ ಉಳಿದರು. ಮುಂದೆ ಪ್ರತಿ ವರ್ಷ ಬರತೊಡಗಿದರು.

ಕೈಯಲ್ಲಿ ದುಡ್ಡಿತ್ತು, ಸಮಯವೂ ಬೇಕಾದಷ್ಟಿತ್ತು. ಹಿಮ ಬಿದ್ದ ಇಳಿಜಾರು ಬೀದಿಗಳು ಕಣ್ಣೆದುರಿಗೇ ಇದ್ದವು. ಸಾಮಾನು ಸಾಗಿಸುವ ಸ್ಲೆಡ್‌ಗಳನ್ನೇ ತೆಗೆದುಕೊಂಡು ಆ ಅತಿಥಿಗಳು ಊರಿನ ರಸ್ತೆಗಳಲ್ಲಿ ಜಾರತೊಡಗಿದರು. ದಾರಿಯಲ್ಲಿ ನಡೆದು ಹೋಗುವವರಿಗೆ ಡಿಕ್ಕಿ ಹೊಡೆದರು. ಊರಿನವರು ರೇಗಿದರು. ಆದರೆ ಗಿರಾಕಿಗಳನ್ನು ಕಳೆದುಕೊಳ್ಳಲು ಹೋಟೆಲ್‌ನವರಿಗೆ ಮನಸ್ಸಿರಲಿಲ್ಲ. ಹಾಗಾಗಿ ಅವರಿಗೆಂದೇ ಬೇರೆ ಹಾದಿ ಕಟ್ಟಿಕೊಟ್ಟರು. 1880ರ ದಶಕದ ಮಧ್ಯದಲ್ಲಿ ಕ್ರೆಸ್ಟಾ ರನ್ ಬಂತು. ಅದು ಒಬ್ಬರೇ ಬೋರಲು ಮಲಗಿ ಜಾರುವ ಹಾದಿ. ಅದೇ ದಶಕದ ಕೊನೆಗೆ ಎರಡು ಸಣ್ಣ ಸ್ಲೆಡ್‌ಗಳನ್ನು ಹಲಗೆಯಿಂದ ಜೋಡಿಸಿ, ಹಲವರು ಒಟ್ಟಿಗೆ ಕೂರುವ ಗಾಡಿ ತಯಾರಾಯಿತು. ಮುಂದಿನ ಸ್ಲೆಡ್ ತಿರುಗುತ್ತದೆ, ಹಿಂದಿನದು ಅದರ ಬೆನ್ನು ಹಿಡಿಯುತ್ತದೆ. ಇವತ್ತಿನ ಬಾಬ್‌ಸ್ಲೆಡ್‌ನ ಕೆಳಗೂ ಇದೇ ಏರ್ಪಾಡು ಇದೆ. 1897ರಲ್ಲಿ ಸೇಂಟ್ ಮೋರಿಟ್ಜ್‌ನಲ್ಲಿ ಮೊದಲ ಬಾಬ್‌ಸ್ಲೆಡ್ ಕ್ಲಬ್ ಹುಟ್ಟಿತು. 1904ರ ಹೊಸ ವರ್ಷದ ದಿನ ಬಾಬ್‌ಸ್ಲೆಡ್‌ಗೆಂದೇ ಮಾಡಿದ ಹಾದಿ ಶುರುವಾಯಿತು.

ಆ ಹಾದಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಯಾಕೆಂದರೆ ಅದು ಇವತ್ತಿಗೂ ಬಳಕೆಯಲ್ಲಿದೆ. ಉದ್ದ 1,722 ಮೀಟರ್. ಸೇಂಟ್ ಮೋರಿಟ್ಜ್‌ನಲ್ಲಿ ಶುರುವಾಗಿ ಕೆಳಗಿನ ಚೆಲೆರಿನಾ ಹಳ್ಳಿಯಲ್ಲಿ ಮುಗಿಯುತ್ತದೆ. ಇದನ್ನು ಕಾಂಕ್ರೀಟಿನಿಂದ ಕಟ್ಟಿಲ್ಲ, ತಣ್ಣಗಿಡುವ ಪೈಪುಗಳೂ ಇಲ್ಲ. ಪ್ರತಿ ವರ್ಷ ಚಳಿಗಾಲದ ಶುರುವಿಗೆ ಇಟಲಿಯ ದಕ್ಷಿಣ ಟಿರೋಲ್‌ನಿಂದ ನುರಿತ ಕೆಲಸಗಾರರ ಒಂದು ಸಣ್ಣ ತಂಡ ಬರುತ್ತದೆ. ಅವರು ಹಿಮ ಗುಡ್ಡೆ ಹಾಕುತ್ತಾರೆ, ನೀರು ಬೆರೆಸುತ್ತಾರೆ. ಸಲಿಕೆಯಿಂದ, ಕೈಯಿಂದ ತಿರುವುಗಳ ಗೋಡೆ ಎಬ್ಬಿಸುತ್ತಾರೆ. ಸುಮಾರು ಮೂರು ವಾರದ ಕೆಲಸ. ಮಾರ್ಚ್ ಬರುವಷ್ಟರಲ್ಲಿ ಎಲ್ಲ ಕರಗಿ ಹರಿದು ಹೋಗುತ್ತದೆ. ಮುಂದಿನ ವರ್ಷ ಮತ್ತೆ ಮೊದಲಿಂದ. ಜಗತ್ತಿನಲ್ಲಿ ಬಾಬ್‌ಸ್ಲೆಡ್ ಸ್ಪರ್ಧೆ ನಡೆಯುವ ನೈಸರ್ಗಿಕ ಮಂಜಿನ ಹಾದಿ ಅಂತ ಉಳಿದಿರುವುದು ಇದೊಂದೇ. ಅಲ್ಲಿನ ತಿರುವುಗಳಿಗೆ ಹಾರ್ಸ್‌ಶೂ, ಡೆವಿಲ್ಸ್ ಡೈಕ್, ಮಾರ್ಟಿನೊ ಅಂತ ಹೆಸರುಗಳಿವೆ. ಸ್ವಿಸ್ ಹಳ್ಳಿಯ ಹಾದಿಗೆ ಇಷ್ಟೊಂದು ಇಂಗ್ಲಿಷ್ ಹೆಸರು ಬಂದದ್ದು ಆ ಹೋಟೆಲ್ ಅತಿಥಿಗಳಿಂದಲೇ.

ದುಡ್ಡಿದ್ದವರು, ಧೈರ್ಯ ಇದ್ದವರು

1923ರಲ್ಲಿ ಪ್ಯಾರಿಸ್‌ನಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಮರುವರ್ಷ ಶಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಬಾಬ್‌ಸ್ಲೆಡ್ ಇತ್ತು. ಸ್ವಿಟ್ಜರ್ಲೆಂಡ್ ಚಿನ್ನ ಗೆದ್ದಿತು. ಆಗ ಒಲಿಂಪಿಕ್ಸ್ ತಂಡ ಸೇರುವುದು ಎಷ್ಟು ಸಡಿಲವಾಗಿತ್ತು ಎಂಬುದಕ್ಕೆ 1928ರ ಅಮೆರಿಕ ತಂಡವನ್ನು ನೋಡಬೇಕು. ಸವಾರರು ಬೇಕಾಗಿದ್ದಾರೆ ಎಂದು ಪ್ಯಾರಿಸ್‌ನಿಂದ ಹೊರಡುತ್ತಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಯುರೋಪಿನಲ್ಲಿದ್ದ ಕೆಲವು ಅಮೆರಿಕನ್ನರು ಅದನ್ನು ಓದಿ ಬಂದು ಸೇರಿದರು. ಸ್ಲೆಡ್ ಓಡಿಸಿದವನು ಬಿಲ್ಲಿ ಫಿಸ್ಕ್. ವಯಸ್ಸು ಬರೀ 16. ಆ ತಂಡ ಸೇಂಟ್ ಮೋರಿಟ್ಜ್‌ನಲ್ಲಿ ಚಿನ್ನ ಗೆದ್ದಿತು.

1932ರಲ್ಲಿ ಫಿಸ್ಕ್ ಮತ್ತೆ ಗೆದ್ದ. ಈ ಸಲ ಅವನ ಸ್ಲೆಡ್‌ನಲ್ಲಿದ್ದವರಲ್ಲಿ ಒಬ್ಬ ಎಡ್ಡಿ ಈಗನ್. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದಿದ್ದವನು. ಬೇಸಿಗೆ ಮತ್ತು ಚಳಿಗಾಲದ ಒಲಿಂಪಿಕ್ಸ್ ಎರಡರಲ್ಲೂ, ಬೇರೆ ಬೇರೆ ಆಟಗಳಲ್ಲಿ ಚಿನ್ನ ಪಡೆದ ದಾಖಲೆ ಅವನದು. ಫಿಸ್ಕ್ ಮಾತ್ರ ಹೆಚ್ಚು ದಿನ ಬದುಕಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ ಸೇರಿ, 1940ರ ಆಗಸ್ಟ್‌ನಲ್ಲಿ ತೀರಿಕೊಂಡ. ಆಗ ಅವನಿಗೆ 29.

1932ರ ಕೂಟ ನಡೆದದ್ದು ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನಲ್ಲಿ. ಅದನ್ನು ಆ ಊರಿಗೆ ತಂದವರು ಗಾಡ್‌ಫ್ರಿ ಡ್ಯೂಯಿ. ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ನಂಬರ್ ಹಾಕುವ ದಶಮಾಂಶ ಪದ್ಧತಿ ಇದೆಯಲ್ಲ, ಅದನ್ನು ರೂಪಿಸಿದ ಮೆಲ್ವಿಲ್ ಡ್ಯೂಯಿಯ ಮಗ. ಅಲ್ಲಿ ಇಬ್ಬರ ಸ್ಲೆಡ್ ಸ್ಪರ್ಧೆ ಮೊದಲ ಸಲ ಸೇರಿತು. ಗೆದ್ದವರು ಅದೇ ಊರಿನ ಹ್ಯೂಬರ್ಟ್ ಮತ್ತು ಕರ್ಟಿಸ್ ಸ್ಟೀವನ್ಸ್ ಎಂಬ ಅಣ್ಣತಮ್ಮಂದಿರು. ಅವರ ಯುಕ್ತಿ ಕೇಳಿ. ಓಟಕ್ಕೆ ಮುಂಚೆ ಸ್ಲೆಡ್‌ನ ಕೆಳಗಿನ ಉಕ್ಕಿನ ಪಟ್ಟಿಗಳನ್ನು ಬ್ಲೋಟಾರ್ಚ್ ಹಿಡಿದು ಸುಮಾರು 25 ನಿಮಿಷ ಕಾಯಿಸಿದರು. ಬಿಸಿ ಉಕ್ಕು ಮಂಜುಗಡ್ಡೆಯನ್ನು ಒಂಚೂರು ಕರಗಿಸುತ್ತದೆ. ಆ ತೆಳು ನೀರಿನ ಪದರದ ಮೇಲೆ ಸ್ಲೆಡ್ ಇನ್ನೂ ಜೋರಾಗಿ ಜಾರುತ್ತದೆ. ಆಗ ಅದು ತಪ್ಪಾಗಿರಲಿಲ್ಲ. ಆಮೇಲೆ ನಿಷೇಧ ಬಂತು. ಈಗ ಓಟಕ್ಕೆ ಮುಂಚೆ ಅಧಿಕಾರಿಗಳು ಈ ಪಟ್ಟಿಗಳ, ಅಂದರೆ ರನ್ನರ್‌ಗಳ, ಉಷ್ಣತೆ ಅಳೆಯುತ್ತಾರೆ. 1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬ್ರಯಾನ್ ಶೈಮರ್ ತಂಡ ಅನರ್ಹಗೊಂಡದ್ದು ರನ್ನರ್ ಬಿಸಿ ಮಿತಿ ಮೀರಿದ್ದಕ್ಕೇ.

ಮುಂದಿನ ದೊಡ್ಡ ನಿಯಮ ಬಂದದ್ದು ತೂಕದ ಮೇಲೆ. 1952ರ ಓಸ್ಲೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಆಂಡ್ರಿಯಾಸ್ ಓಸ್ಟ್ಲರ್ ತಂಡ ನಾಲ್ವರ ಓಟ ಗೆದ್ದಿತು. ಆ ನಾಲ್ವರ ಒಟ್ಟು ತೂಕ 472 ಕಿಲೋ. ಗಾಳಿಯ ತಡೆಯ ಎದುರು ಭಾರ ಜಾಸ್ತಿ ಇರುವ ಸ್ಲೆಡ್‌ಗೆ ಅನುಕೂಲ ಜಾಸ್ತಿ. ಎರಡು ಸ್ಲೆಡ್‌ಗಳ ಆಕಾರ ಒಂದೇ ಇದ್ದರೆ ಗಾಳಿ ಎರಡನ್ನೂ ಹೆಚ್ಚುಕಡಿಮೆ ಒಂದೇ ಬಲದಿಂದ ತಡೆಯುತ್ತದೆ. ಕೆಳಕ್ಕೆ ಎಳೆಯುವ ಬಲ ಮಾತ್ರ ಭಾರದ ಸ್ಲೆಡ್‌ಗೆ ಹೆಚ್ಚು. ಹಾಗಾಗಿ ದಪ್ಪ ಆಳುಗಳನ್ನು ಕೂರಿಸಿದ ತಂಡವೇ ಗೆಲ್ಲುವ ಹಾಗಾಗಿತ್ತು. ಒಕ್ಕೂಟ ಆಗಲೇ ಜನ ಮತ್ತು ಸ್ಲೆಡ್ ಸೇರಿ ಇಷ್ಟೇ ತೂಕ ಎಂದು ಮಿತಿ ಹಾಕಿತು. ಈಗ ಪುರುಷರ ನಾಲ್ವರ ಸ್ಲೆಡ್‌ಗೆ ಒಟ್ಟು 630 ಕಿಲೋ, ಇಬ್ಬರ ಸ್ಲೆಡ್‌ಗೆ 390 ಕಿಲೋ ಗರಿಷ್ಠ.

ನನ್ನ ಪ್ರಕಾರ ಈ ಆಟದ ಇತಿಹಾಸದಲ್ಲಿ ಅತಿ ದೊಡ್ಡ ತಿರುವು ಈ ನಿಯಮ. ತೂಕಕ್ಕೆ ಮಿತಿ ಬಂದ ಮೇಲೆ ಗೆಲುವು ಸ್ಟಾರ್ಟ್‌ನಲ್ಲಿ ಎಷ್ಟು ವೇಗವಾಗಿ ತಳ್ಳುತ್ತೀರಿ ಎಂಬುದಕ್ಕೆ ಬಂದು ನಿಂತಿತು. ಕೂತು ಜಾರುವವರ ಆಟ ಓಡುವವರ ಆಟವಾಯಿತು.

ಆ 50 ಮೀಟರ್

ಒಂದು ನಾಲ್ವರ ಓಟವನ್ನು ಹತ್ತಿರದಿಂದ ನೋಡೋಣ. ಸ್ಲೆಡ್‌ನ ಎಡಬಲಕ್ಕೆ, ಹಿಂದಕ್ಕೆ ನಾಲ್ವರು ನಿಲ್ಲುತ್ತಾರೆ. ಶೂಗಳ ತಳದಲ್ಲಿ ಮಂಜುಗಡ್ಡೆ ಕಚ್ಚುವ ನೂರಾರು ಸೂಜಿಮೊನೆಗಳು. ಒಬ್ಬ ಕೂಗು ಹಾಕುತ್ತಾನೆ, ನಾಲ್ವರೂ ಒಂದೇ ಕ್ಷಣಕ್ಕೆ ತಳ್ಳುತ್ತಾರೆ. ಇನ್ನೂರು ಕಿಲೋಗೂ ಭಾರದ ಸ್ಲೆಡ್ ಹೊರಟ ಮೇಲೆ ಮೊದಲ 50 ಮೀಟರ್ ಮುಗಿಯಲು ಸುಮಾರು ಐದು ಸೆಕೆಂಡ್ ಸಾಕು. ಅಷ್ಟರೊಳಗೆ ವೇಗ ಗಂಟೆಗೆ 40 ಕಿಲೋಮೀಟರ್ ಹತ್ತಿರ ಇರುತ್ತದೆ. ಆ ಓಟದಲ್ಲೇ ಒಬ್ಬರಾದ ಮೇಲೆ ಒಬ್ಬರು ಒಳಗೆ ಹಾರಬೇಕು. ಮೊದಲು ಪೈಲಟ್, ಕಡೆಗೆ ಬ್ರೇಕ್‌ಮನ್. ಒಬ್ಬನ ಕಾಲು ಇನ್ನೊಬ್ಬನಿಗೆ ತಾಗಿದರೂ ಕತೆ ಮುಗಿಯಿತು. ಸ್ಟಾರ್ಟ್‌ನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದುಕೊಂಡರೆ ಕೆಳಗೆ ತಲುಪುವಾಗ ಅದು ಮೂರು ಪಟ್ಟು ಆಗಿರುತ್ತದೆ ಎಂದು ಈ ಆಟದವರು ಹೇಳುತ್ತಾರೆ.

ಒಳಗೆ ಕೂತ ಮೇಲೆ ಮೂವರು ತಲೆ ಬಗ್ಗಿಸಿ ಸುಮ್ನೆ ಇರಬೇಕು. ದಾರಿ ಕಾಣುವುದು ಪೈಲಟ್‌ಗೆ ಮಾತ್ರ. ಅವನ ಕೈಯಲ್ಲಿ ಎರಡು ಹಿಡಿಗಳು, ಅವಕ್ಕೆ ಕಟ್ಟಿದ ಹಗ್ಗಗಳು ಮುಂದಿನ ರನ್ನರ್‌ಗಳನ್ನು ತಿರುಗಿಸುತ್ತವೆ. ಸ್ಟೀರಿಂಗ್ ಚಕ್ರ ಇಲ್ಲ. ವೇಗ 130-140 ಕಿಲೋಮೀಟರ್ ಮುಟ್ಟುತ್ತದೆ. ತಿರುವುಗಳಲ್ಲಿ ಮೈಮೇಲೆ ಬೀಳುವ ಒತ್ತಡ ಗುರುತ್ವದ ಐದು ಪಟ್ಟಿನವರೆಗೆ ಹೋಗುತ್ತದೆ. ಬ್ರೇಕ್ ಹಾಕುವುದು ಗೆರೆ ದಾಟಿದ ಮೇಲೆ ಮಾತ್ರ. ನಡುವೆ ಹಾಕಿದರೆ ಬ್ರೇಕಿನ ಹಲ್ಲುಗಳು ಹಾದಿಯನ್ನೇ ಕಿತ್ತುಹಾಕುತ್ತವೆ.

ಇಲ್ಲಿ ಎರಡು ಬೇರೆ ಬೇರೆ ಕೌಶಲಗಳಿವೆ. ತಳ್ಳುವುದನ್ನು ಎಲ್ಲಿ ಬೇಕಾದರೂ ಕಲಿಯಬಹುದು. ಕಬ್ಬಿಣದ ಹಳಿ, ಚಕ್ರದ ಗಾಡಿ ಇದ್ದರೆ ಮರುಭೂಮಿಯಲ್ಲೂ ಅಭ್ಯಾಸ ಮಾಡಬಹುದು. ಓಡಿಸುವುದನ್ನು ಕಲಿಯಲು ಮಾತ್ರ ನಿಜವಾದ ಮಂಜಿನ ಹಾದಿ ಬೇಕು. ಒಂದು ಓಟ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ದಿನಕ್ಕೆ ಕೆಲವೇ ಓಟ ಸಿಗುತ್ತವೆ. ಒಬ್ಬ ಒಳ್ಳೆಯ ಪೈಲಟ್ ಆಗಲು ಎಷ್ಟೋ ವರ್ಷ, ನೂರಾರು ಓಟಗಳು ಬೇಕು. ಮನೆ ಹತ್ತಿರ ಟ್ರ್ಯಾಕ್ ಇರುವ ಹುಡುಗ ಮತ್ತು ವರ್ಷಕ್ಕೊಮ್ಮೆ ವಿಮಾನ ಹತ್ತಿ ಬರುವ ಹುಡುಗ ಇಬ್ಬರೂ ಒಂದೇ ಗೆರೆಯಿಂದ ಹೊರಡುವುದು ಬರೀ ಕಾಗದದ ಮೇಲೆ.

ಈ ಮೊದಲ ಕೌಶಲವನ್ನು ಎಲ್ಲರಿಗಿಂತ ಮುಂಚೆ ಸರಿಯಾಗಿ ಅರ್ಥ ಮಾಡಿಕೊಂಡವರು ಪೂರ್ವ ಜರ್ಮನಿಯವರು. 1970ರ ದಶಕದಲ್ಲಿ ಅಥ್ಲೆಟಿಕ್ಸ್ ಮೈದಾನದಿಂದ ಆಟಗಾರರನ್ನು ಎತ್ತಿ ತಂದರು. 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಎರಡೂ ಚಿನ್ನ ಗೆದ್ದ ಮೈನ್‌ಹಾರ್ಡ್ ನೇಮರ್ ಮೊದಲು ಜಾವೆಲಿನ್ ಎಸೆಯುತ್ತಿದ್ದವನು. 1984ರ ಸರಾಯೆವೊದಲ್ಲಿ ಎರಡೂ ಸ್ಪರ್ಧೆಗಳ ಚಿನ್ನ-ಬೆಳ್ಳಿ ನಾಲ್ಕೂ ಪೂರ್ವ ಜರ್ಮನಿಗೇ ಹೋದವು. ಸ್ಲೆಡ್ ತಯಾರಿಕೆಗೆ ಬರ್ಲಿನ್‌ನಲ್ಲಿ ಸರ್ಕಾರದ ಸಂಶೋಧನಾ ಸಂಸ್ಥೆಯೇ ಇತ್ತು. ಜರ್ಮನಿ ಒಂದಾದ ಮೇಲೂ ಆ ಸಂಸ್ಥೆ ಮುಂದುವರಿಯಿತು. ಇವತ್ತಿಗೂ ಜರ್ಮನಿಯ ಸ್ಲೆಡ್‌ಗಳ ಹಿಂದೆ ಅದರ ಕೈ ಇದೆ.

ಒಂದು ಬೋಲ್ಟ್

ದುಡ್ಡು, ತಂತ್ರಜ್ಞಾನ ಅಂತ ಎಷ್ಟು ಹೇಳಿದರೂ ಈ ಆಟದ ಇತಿಹಾಸದಲ್ಲಿ ನನಗೆ ಅತಿ ಪ್ರೀತಿಯ ಘಟನೆ ಒಂದು ಬೋಲ್ಟ್‌ನದು. 1964, ಇನ್ಸ್‌ಬ್ರುಕ್. ಬ್ರಿಟನ್ನಿನ ಟೋನಿ ನ್ಯಾಶ್ ಮತ್ತು ರಾಬಿನ್ ಡಿಕ್ಸನ್ ಜೋಡಿ ಪದಕದ ಹಾದಿಯಲ್ಲಿತ್ತು. ಅಷ್ಟರಲ್ಲಿ ಅವರ ಸ್ಲೆಡ್‌ನ ಹಿಂದಿನ ಆ್ಯಕ್ಸಲ್‌ನ ಬೋಲ್ಟ್ ತುಂಡಾಯಿತು. ಬದಲಿ ಇರಲಿಲ್ಲ. ಅದೇ ಸ್ಪರ್ಧೆಯಲ್ಲಿದ್ದ ಇಟಲಿಯ ಯುಜೀನಿಯೊ ಮೋಂಟಿ ತನ್ನ ಸ್ಲೆಡ್‌ನ ಬೋಲ್ಟ್ ಬಿಚ್ಚಿ ಕೊಟ್ಟ. ಬ್ರಿಟನ್ ಚಿನ್ನ ಗೆದ್ದಿತು. ಮೋಂಟಿಗೆ ಕಂಚು. ಇಟಲಿಯ ಪತ್ರಿಕೆಗಳು ಅವನನ್ನು ತರಾಟೆಗೆ ತೆಗೆದುಕೊಂಡವು. ನ್ಯಾಶ್ ಗೆದ್ದದ್ದು ನನ್ನ ಬೋಲ್ಟ್‌ನಿಂದಲ್ಲ, ಅವನು ಎಲ್ಲರಿಗಿಂತ ವೇಗವಾಗಿ ಓಡಿಸಿದ್ದರಿಂದ ಎಂಬರ್ಥದ ಉತ್ತರ ಕೊಟ್ಟ ಮೋಂಟಿ. ಕ್ರೀಡಾ ಮನೋಭಾವಕ್ಕಾಗಿ ಕೊಡುವ ಪಿಯರ್ ಡಿ ಕೂಬರ್ಟಿನ್ ಪದಕ ಮೊದಲು ಸಿಕ್ಕಿದ್ದು ಅವನಿಗೇ. ನಾಲ್ಕು ವರ್ಷ ಕಳೆದು 1968ರಲ್ಲಿ, 40ನೇ ವಯಸ್ಸಿನಲ್ಲಿ, ಅವನು ಎರಡೂ ಚಿನ್ನ ಗೆದ್ದ. ಇಬ್ಬರ ಸ್ಪರ್ಧೆಯಲ್ಲಿ ಪಶ್ಚಿಮ ಜರ್ಮನಿಯ ಜೋಡಿಯ ಜತೆ ಒಟ್ಟು ಸಮಯ ಸಮನಾಗಿತ್ತು. ಒಂದು ಓಟದಲ್ಲಿ ಅತಿ ವೇಗದ ಸಮಯ ಮೋಂಟಿಯದಾಗಿದ್ದರಿಂದ ಚಿನ್ನ ಅವನಿಗೆ ಹೋಯಿತು. ಈಗ ಹಾಗಿಲ್ಲ. ಸಮಯ ಸಮನಾದರೆ ಇಬ್ಬರಿಗೂ ಚಿನ್ನ. 1998ರಲ್ಲೂ 2018ರಲ್ಲೂ ಹಾಗೇ ಆಯಿತು.

ಕೊರ್ಟಿನಾ ಮೋಂಟಿಯ ನೆಲ. ಅಲ್ಲಿನ ಟ್ರ್ಯಾಕ್‌ಗೆ ಅವನದೇ ಹೆಸರು. ಹಾಗಾಗಿ ಇಟಲಿಯವರಿಗೆ ಅದರ ಮೇಲೆ ಇರುವ ಪ್ರೀತಿ ನನಗೆ ಅರ್ಥವಾಗುತ್ತದೆ. 1920ರ ದಶಕದಿಂದ ಅಲ್ಲಿ ಬಾಬ್‌ಸ್ಲೆಡ್ ಓಡಿದೆ. 1956ರ ಒಲಿಂಪಿಕ್ಸ್ ಅಲ್ಲೇ ನಡೆದಿತ್ತು. 2008ರಲ್ಲಿ ಹಳೆಯ ಹಾದಿ ಮುಚ್ಚಿತು. ಆದರೆ ಪ್ರೀತಿ ಬೇರೆ, ಲೆಕ್ಕ ಬೇರೆ ಅಲ್ವಾ?

ಹಿಮದ ಬದಲು ಪೈಪು

1968ರ ಗ್ರೆನೋಬಲ್ ಒಲಿಂಪಿಕ್ಸ್‌ನ ಬಾಬ್‌ಸ್ಲೆಡ್ ಆಲ್ಪ್ ದ್ಯುಯೆಜ್ ಎಂಬಲ್ಲಿ ನಡೆಯಿತು. ಹಾದಿಯ ಮೇಲೆ ಬಿಸಿಲು ಬೀಳುತ್ತಿತ್ತು, ಮಂಜುಗಡ್ಡೆ ಕರಗುತ್ತಿತ್ತು. ಓಟಗಳನ್ನು ಬಿಸಿಲೇರುವ ಮುಂಚೆ ನಡೆಸಬೇಕಾಯಿತು. ನಾಲ್ವರ ಸ್ಪರ್ಧೆಯನ್ನು ನಾಲ್ಕು ಓಟದ ಬದಲು ಎರಡಕ್ಕೇ ಮುಗಿಸಿದರು. ಆ ಹೊತ್ತಿಗೇ ಜರ್ಮನಿಯ ಕೋನಿಗ್ಸ್‌ಜೀಯಲ್ಲಿ ಜಗತ್ತಿನ ಮೊದಲ ಕೃತಕ ಶೀತಲೀಕರಣದ ಟ್ರ್ಯಾಕ್ ತಯಾರಾಗುತ್ತಿತ್ತು. ಕಾಂಕ್ರೀಟ್ ಹಾದಿ, ಅದರೊಳಗೆ ಪೈಪುಗಳು, ಪೈಪಿನೊಳಗೆ ಅಮೋನಿಯಾ. ಮೇಲೆ ನೀರು ಚಿಮುಕಿಸಿದರೆ ಮಂಜುಗಡ್ಡೆ. ಹಿಮ ಬೀಳಲಿ ಬಿಡಲಿ, ಓಟ ನಡೆಯುತ್ತದೆ.

ಇದರಿಂದ ಆಟ ನಿಖರವಾಯಿತು, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಹಾದಿ ಸಿಗುವಂತಾಯಿತು. ಅದರ ಬೆಲೆಯೂ ಅಷ್ಟೇ ದೊಡ್ಡದು. ಒಂದೂವರೆ ಕಿಲೋಮೀಟರ್ ಉದ್ದದ ಕಾಂಕ್ರೀಟನ್ನು ತಿಂಗಳುಗಟ್ಟಲೆ ತಣ್ಣಗಿಡಬೇಕು. ಕರೆಂಟು, ಯಂತ್ರ, ಕೆಲಸಗಾರರು ಎಲ್ಲದಕ್ಕೂ ದುಡ್ಡು. ಬೇರೆ ಕ್ರೀಡಾಂಗಣವಾದರೆ ಸಂಗೀತ ಕಾರ್ಯಕ್ರಮಕ್ಕೋ ಸಭೆಗೋ ಕೊಡಬಹುದು. ಬೆಟ್ಟದಿಂದ ಸುತ್ತಿ ಇಳಿಯುವ ಈ ಕಾಂಕ್ರೀಟ್ ಕಾಲುವೆಯಲ್ಲಿ ಬೇರೇನು ಮಾಡಲು ಬರುತ್ತದೆ?

ಒಲಿಂಪಿಕ್ಸ್‌ಗೆಂದು ಕಟ್ಟಿದ ಟ್ರ್ಯಾಕ್‌ಗಳ ಗತಿ ನೋಡಿದರೆ ಬೇಸರವಾಗುತ್ತದೆ. 1984ರ ಸರಾಯೆವೊ ಟ್ರ್ಯಾಕ್ ಟ್ರೆಬೆವಿಚ್ ಬೆಟ್ಟದ ಮೇಲಿತ್ತು. 1990ರ ದಶಕದ ಯುದ್ಧದಲ್ಲಿ ನಗರಕ್ಕೆ ಮುತ್ತಿಗೆ ಹಾಕಿದ ಸರ್ಬ್ ಪಡೆಗಳು ಅದರ ಮರೆಯಿಂದಲೇ ಗುಂಡಿನ ಮಳೆಗರೆದವು. ಈಗ ಅದು ಬಣ್ಣದ ಬರಹಗಳು ತುಂಬಿದ, ಪೊದೆ ಬೆಳೆದ ಪಾಳು ಕಾಂಕ್ರೀಟ್. 1988ರ ಕ್ಯಾಲ್ಗರಿ ಟ್ರ್ಯಾಕ್ ದುರಸ್ತಿಗೆ ಹಣ ಸಾಲದೆ 2019ರಲ್ಲಿ ಮುಚ್ಚಿತು. ಜಪಾನಿನ ನಗಾನೊ ಟ್ರ್ಯಾಕ್‌ನಲ್ಲಿ ಮಂಜುಗಡ್ಡೆ ಮಾಡುವುದನ್ನೇ 2018ರಲ್ಲಿ ನಿಲ್ಲಿಸಿದರು. ಎಲ್ಲಕ್ಕಿಂತ ಚುಚ್ಚುವುದು 2006ರ ಟ್ಯೂರಿನ್ ಒಲಿಂಪಿಕ್ಸ್‌ನ ಚೆಸಾನಾ ಟ್ರ್ಯಾಕ್. ಅದೂ ಇಟಲಿಯದೇ. ಹತ್ತು ಕೋಟಿ ಯೂರೊಗೂ ಹೆಚ್ಚು ಖರ್ಚು ಮಾಡಿ ಕಟ್ಟಿದ್ದು ಐದಾರು ವರ್ಷಗಳಲ್ಲೇ ಬಾಗಿಲು ಹಾಕಿತು. ಅದನ್ನು ರಿಪೇರಿ ಮಾಡುವ ಮಾತು ಬಂದು ಹೋಯಿತು. ಕೊನೆಗೆ ಗೆದ್ದದ್ದು ಹೊಸ ಟ್ರ್ಯಾಕ್.

ಎಲ್ಲ ಕಡೆ ಹೀಗೇ ಆಗಿದೆ ಅಂತ ಹೇಳಲಾಗದು. ಫ್ರಾನ್ಸಿನ ಲಾ ಪ್ಲಾನ್, ನಾರ್ವೆಯ ಲಿಲ್ಲೆಹ್ಯಾಮರ್, ಅಮೆರಿಕದ ಪಾರ್ಕ್ ಸಿಟಿ, ಕೆನಡಾದ ವಿಸ್ಲರ್ ಟ್ರ್ಯಾಕ್‌ಗಳು ಕೆಲಸ ಮಾಡುತ್ತಿವೆ. ಪ್ರವಾಸಿಗರನ್ನು ಸ್ಲೆಡ್‌ನಲ್ಲಿ ಕೂರಿಸಿ ಒಂದಿಷ್ಟು ಹಣ ಮಾಡುವವರೂ ಇದ್ದಾರೆ. ಆದರೂ ಇಡೀ ಜಗತ್ತಿನಲ್ಲಿ ಬಳಕೆಯಲ್ಲಿರುವ ಇಂಥ ಹಾದಿಗಳು ಇಪ್ಪತ್ತೂ ಇಲ್ಲ. ಜರ್ಮನಿಯೊಂದರಲ್ಲೇ ನಾಲ್ಕು ಕಟ್ಟಿದ್ದಾರೆ: ಆಲ್ಟೆನ್‌ಬರ್ಗ್, ವಿಂಟರ್‌ಬರ್ಗ್, ಓಬರ್‌ಹೋಫ್, ಕೋನಿಗ್ಸ್‌ಜೀ. ಈ ಕೋನಿಗ್ಸ್‌ಜೀ ಟ್ರ್ಯಾಕ್ 2021ರ ಜುಲೈ ಪ್ರವಾಹದಲ್ಲಿ ಕೊಚ್ಚಿಹೋಗಿ ತೀರಾ ಹಾಳಾಯಿತು.

ಫಲಿತಾಂಶ ಕಣ್ಣೆದುರಿಗಿದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಾಬ್‌ಸ್ಲೆಡ್, ಲ್ಯೂಜ್, ಸ್ಕೆಲಿಟನ್ ಸೇರಿ ಒಟ್ಟು 10 ಚಿನ್ನದ ಪದಕಗಳಿದ್ದವು. ಅದರಲ್ಲಿ 9 ಜರ್ಮನಿಗೆ. ಪುರುಷರ ಇಬ್ಬರ ಬಾಬ್‌ಸ್ಲೆಡ್‌ನಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರೂ ಅವರದೇ. ಫ್ರಾನ್ಸೆಸ್ಕೊ ಫ್ರೆಡ್ರಿಕ್ 2018ರ ಹಾಗೆಯೇ 2022ರಲ್ಲೂ ಎರಡು ಚಿನ್ನ ಗೆದ್ದ. ಅವನ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವನು ಹುಟ್ಟಿ ಬೆಳೆದ ಸ್ಯಾಕ್ಸನಿಯಲ್ಲೇ ಆಲ್ಟೆನ್‌ಬರ್ಗ್ ಟ್ರ್ಯಾಕ್ ಇದೆ ಎಂಬುದನ್ನು ಮರೆತು ಅವನ ಗೆಲುವಿನ ಲೆಕ್ಕ ಹಾಕಲಾಗದು.

ಜರ್ಮನಿಯ ಕೈ ತಪ್ಪಿದ ಆ ಒಂದು ಚಿನ್ನ ಯಾವುದು? ಮಹಿಳೆಯರ ಮೋನೋಬಾಬ್. ಒಬ್ಬರೇ ತಳ್ಳಿ, ಒಬ್ಬರೇ ಓಡಿಸುವ ಸ್ಪರ್ಧೆ. 2022ರಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ಇದರಲ್ಲಿ ಎಲ್ಲರಿಗೂ ಒಂದೇ ಮಾದರಿಯ ಸ್ಲೆಡ್. ಪ್ರಯೋಗಾಲಯದಲ್ಲಿ ಕೂತು ತಿದ್ದಲು ಅವಕಾಶ ಇಲ್ಲ. ಅಮೆರಿಕದ ಕೈಲಿ ಹಂಫ್ರೀಸ್ ಚಿನ್ನ, ಎಲಾನಾ ಮೇಯರ್ಸ್ ಟೇಲರ್ ಬೆಳ್ಳಿ ಗೆದ್ದರು. ಇಬ್ಬರೂ ಹತ್ತಾರು ವರ್ಷ ಅನುಭವ ಇದ್ದವರು, ಹಾಗಾಗಿ ಸ್ಲೆಡ್ ಒಂದೇ ಕಾರಣ ಅನ್ನುವುದು ತಪ್ಪಾಗುತ್ತದೆ. ಆದರೂ ಸ್ಲೆಡ್ ಸಮ ಮಾಡಿದ ಕಡೆಯೇ ಜರ್ಮನಿಯ ಬಿಗಿಹಿಡಿತ ಸಡಿಲವಾದದ್ದು ಸುಮ್ನೆ ತಳ್ಳಿಹಾಕುವ ವಿಷಯ ಅಲ್ಲ.

ಹೊರಗೆ ನಿಲ್ಲಿಸಿದವರು

ಮಹಿಳೆಯರ ಮಾತು ಬಂತು. ಸೇಂಟ್ ಮೋರಿಟ್ಜ್‌ನ ಮೊದಲ ದಿನಗಳಲ್ಲಿ ಹೆಂಗಸರೂ ಸ್ಲೆಡ್‌ನಲ್ಲಿ ಕೂರುತ್ತಿದ್ದರು. ಆಟ ಅಧಿಕೃತವಾದಂತೆಲ್ಲ ಅವರನ್ನು ಹೊರಗಿಟ್ಟರು. 1940ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ನಡೆದ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯ ನಾಲ್ವರ ವಿಭಾಗದಲ್ಲಿ ಗಂಡಸರನ್ನೆಲ್ಲ ಸೋಲಿಸಿ ಗೆದ್ದ ಪೈಲಟ್ ಕ್ಯಾಥರಿನ್ ಡ್ಯೂಯಿ. ಗಾಡ್‌ಫ್ರಿ ಡ್ಯೂಯಿಯ ಮಗಳು. ಅವಳು ಗೆದ್ದ ಮೇಲೆ ಇದು ಗಂಡಸರ ಆಟ ಎಂದು ತೀರ್ಮಾನಿಸಿ ಹೆಂಗಸರಿಗೆ ಬಾಗಿಲು ಮುಚ್ಚಿದರು. ಒಲಿಂಪಿಕ್ಸ್‌ಗೆ ಮಹಿಳೆಯರ ಬಾಬ್‌ಸ್ಲೆಡ್ ಬಂದದ್ದು 2002ರಲ್ಲಿ. ಅರವತ್ತೆರಡು ವರ್ಷ ಕಾಯಬೇಕಾಯಿತು. ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಸಾಲ್ಟ್ ಲೇಕ್ ಸಿಟಿಯ ಆ ಮೊದಲ ಸ್ಪರ್ಧೆಯನ್ನು ಜಿಲ್ ಬ್ಯಾಕನ್ ಮತ್ತು ವೊನೆಟಾ ಫ್ಲವರ್ಸ್ ಗೆದ್ದರು. ಉದ್ದಜಿಗಿತದಿಂದ ಬಂದಿದ್ದ ಫ್ಲವರ್ಸ್, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಕಪ್ಪು ಕ್ರೀಡಾಪಟು.

ಬಿಸಿಲ ನಾಡಿನವರಿಗೆ ದಾರಿ ತೋರಿಸಿದ್ದು ಜಮೈಕಾ. ಅಲ್ಲಿನ ಗಾಡಿ ತಳ್ಳುವ ಓಟದ ಪಂದ್ಯ ನೋಡಿದ ಇಬ್ಬರು ಅಮೆರಿಕನ್ನರಿಗೆ ಇದೂ ಬಾಬ್‌ಸ್ಲೆಡ್ ಥರವೇ ಇದೆಯಲ್ಲ ಅನ್ನಿಸಿತು. ಹೆಸರಾಂತ ಓಟಗಾರರು ಆಸಕ್ತಿ ತೋರಲಿಲ್ಲ. ಸೇನೆಯಿಂದ ಆಟಗಾರರು ಸಿಕ್ಕಿದರು. 1988ರ ಕ್ಯಾಲ್ಗರಿಯಲ್ಲಿ ನಾಲ್ವರ ಸ್ಲೆಡ್‌ನ ಪೈಲಟ್ ಡಡ್ಲಿ ಸ್ಟೋಕ್ಸ್. ಮೂರನೇ ಓಟದಲ್ಲಿ ಸ್ಲೆಡ್ ಮಗುಚಿತು. ಜನಕ್ಕೆ ನೆನಪಿರುವುದು ಅಷ್ಟೇ. ಆರು ವರ್ಷ ಕಳೆದು ಲಿಲ್ಲೆಹ್ಯಾಮರ್‌ನಲ್ಲಿ ಅದೇ ಜಮೈಕಾ 14ನೇ ಸ್ಥಾನ ಪಡೆದು ಅಮೆರಿಕವನ್ನೂ ಹಿಂದಿಕ್ಕಿತು ಎಂಬುದನ್ನು ಹೆಚ್ಚು ಜನ ಹೇಳುವುದಿಲ್ಲ. ಆ ಆಟಗಾರರನ್ನು ತಮಾಷೆಯ ವಸ್ತುವಾಗಿ ನೋಡಿದ್ದು ಅನ್ಯಾಯ. ಪೈಲಟ್‌ಗೆ ಓಟಗಳು ಸಿಕ್ಕರೆ ಯಾವ ದೇಶದವರಾದರೂ ಕಲಿಯುತ್ತಾರೆ ಎಂಬುದಕ್ಕೆ ಆ 14ನೇ ಸ್ಥಾನಕ್ಕಿಂತ ಬೇರೆ ಸಾಕ್ಷಿ ಬೇಡ. 2018ರಲ್ಲಿ ನೈಜೀರಿಯಾದ ಮೂವರು ಮಹಿಳೆಯರು ಆಫ್ರಿಕಾದ ಮೊದಲ ಒಲಿಂಪಿಕ್ ಬಾಬ್‌ಸ್ಲೆಡ್ ತಂಡವಾಗಿ ಬಂದರು. ನಾಯಕಿ ಶೇಯುನ್ ಅಡಿಗುನ್ ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಹರ್ಡಲ್ಸ್ ಓಡಿದ್ದವಳು.

ಭಾರತದಿಂದ ಒಲಿಂಪಿಕ್ಸ್‌ಗೆ ಬಾಬ್‌ಸ್ಲೆಡ್ ತಂಡ ಹೋಗಿಲ್ಲ. ಇದೇ ಹಾದಿಯಲ್ಲಿ ನಡೆಯುವ ಲ್ಯೂಜ್‌ನಲ್ಲಿ ಮಾತ್ರ ಮನಾಲಿ ಕಡೆಯ ಶಿವ ಕೇಶವನ್ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್ ಆಡಿದರು. ಸ್ಲೆಡ್‌ಗೆ ಚಕ್ರ ಕಟ್ಟಿಕೊಂಡು ಹಿಮಾಲಯದ ರಸ್ತೆಗಳಲ್ಲಿ, ಲಾರಿಗಳ ನಡುವೆ, ಕುರಿಮಂದೆ ತಪ್ಪಿಸುತ್ತಾ ಅಭ್ಯಾಸ ಮಾಡಿದವರು. ಅವರಿಗೂ ಕೊರತೆ ಇದ್ದದ್ದು ಧೈರ್ಯದ್ದಲ್ಲ, ಟ್ರ್ಯಾಕ್‌ನದು.

ಅಪಾಯದ ಲೆಕ್ಕವನ್ನೂ ಬಿಡುವಂತಿಲ್ಲ. 2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ ಜಾರ್ಜಿಯಾದ ಲ್ಯೂಜ್ ಆಟಗಾರ ನೋದರ್ ಕುಮರಿತಾಶ್ವಿಲಿ ವಿಸ್ಲರ್ ಟ್ರ್ಯಾಕ್‌ನ ಅಭ್ಯಾಸದಲ್ಲಿ ಸತ್ತ. ಹೊಸ ಟ್ರ್ಯಾಕ್‌ಗಳನ್ನು ವೇಗದ ಹುಚ್ಚಿನಲ್ಲಿ ಕಟ್ಟಬಾರದು ಎಂಬ ಮಾತಿಗೆ ಆಗ ಬಲ ಬಂತು. ಕಣ್ಣಿಗೆ ಕಾಣದ ಗಾಯವೂ ಇದೆ. ತಿರುವುಗಳ ಒತ್ತಡ, ಹಾದಿಯ ಕುಲುಕಾಟಕ್ಕೆ ಮೆದುಳು ಮತ್ತೆ ಮತ್ತೆ ಅಲುಗುತ್ತದೆ. ಓಟದ ಮೇಲೆ ಬರುವ ಮಂಕು, ತಲೆನೋವಿಗೆ ಆಟಗಾರರು 'ಸ್ಲೆಡ್‌ಹೆಡ್' ಅನ್ನುತ್ತಾರೆ. ಅಮೆರಿಕದ ಪಾವ್ಲೆ ಯೊವಾನೊವಿಚ್ 2020ರಲ್ಲಿ ತೀರಿಕೊಂಡ ಮೇಲೆ ಅವರ ಮೆದುಳನ್ನು ಪರೀಕ್ಷಿಸಿದರು. ಬಾಕ್ಸರ್‌ಗಳಲ್ಲಿ, ಅಮೆರಿಕನ್ ಫುಟ್‌ಬಾಲ್ ಆಡುವವರಲ್ಲಿ ಕಾಣುವ ದೀರ್ಘಕಾಲದ ಮೆದುಳಿನ ಹಾನಿ ಅಲ್ಲಿತ್ತು. ಈ ವಿಷಯದಲ್ಲಿ ಒಕ್ಕೂಟ ಇನ್ನೂ ಬಹಳ ಮಾಡಬೇಕಿದೆ.

ಒಂದು ಹಳೆಯ ಉದಾಹರಣೆ

1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ಒಲಿಂಪಿಕ್ಸ್ ನಡೆಯಿತು. ಬಾಬ್‌ಸ್ಲೆಡ್‌ಗೆ ಬರುತ್ತೇವೆ ಎಂದದ್ದು ಒಂಬತ್ತು ದೇಶಗಳು ಮಾತ್ರ. ಇಷ್ಟಕ್ಕೆ ಟ್ರ್ಯಾಕ್ ಕಟ್ಟುವುದಿಲ್ಲ ಎಂದು ಸಂಘಟಕರು ಖಡಾಖಂಡಿತವಾಗಿ ಹೇಳಿಬಿಟ್ಟರು. ಬಾಬ್‌ಸ್ಲೆಡ್ ಇಲ್ಲದೆ ನಡೆದ ಚಳಿಗಾಲದ ಒಲಿಂಪಿಕ್ಸ್ ಅದೊಂದೇ. ಅಂದು ಬೇರೆ ದೇಶದ ಹಾದಿಯಲ್ಲಿ ಓಟ ಇಡೋಣ ಎಂಬ ದಾರಿ ಯಾರೂ ಹಿಡಿಯಲಿಲ್ಲ. ಇವತ್ತು ಆ ದಾರಿಗೆ ಒಲಿಂಪಿಕ್ ಸಮಿತಿಯೇ ಒಪ್ಪಿದೆ. ಕೊರ್ಟಿನಾದ ಬದಲು ಆಸ್ಟ್ರಿಯಾದ ಇಗ್ಲ್ಸ್ ಅಥವಾ ಸೇಂಟ್ ಮೋರಿಟ್ಜ್ ಬಳಸುವ ಅವಕಾಶ ಇತ್ತು. ಎರಡೂ ಗಡಿಯಾಚೆ ಕೆಲವೇ ಗಂಟೆಗಳ ದಾರಿ. ಅದನ್ನು ಕೈಬಿಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಆ ಹಣದ ಒಂದು ಪಾಲನ್ನು ಬೇರೆ ಕಡೆ ಹಾಕಿದ್ದರೆ ಏನಾಗುತ್ತಿತ್ತು? ಇರುವ ಟ್ರ್ಯಾಕ್‌ಗಳಲ್ಲಿ ಹೊಸ ದೇಶಗಳ ಪೈಲಟ್‌ಗಳಿಗೆ ಓಟಗಳನ್ನು ಕೊಡಿಸಬಹುದಿತ್ತು. ಒಂದೇ ಮಾದರಿಯ ಸ್ಲೆಡ್‌ಗಳನ್ನು ಬಾಡಿಗೆಗೆ ಇಡಬಹುದಿತ್ತು. ಗಂಡಸರ ಇಬ್ಬರ ಸ್ಪರ್ಧೆಯಲ್ಲೂ ಸ್ಲೆಡ್ ಸಮ ಮಾಡುವ ಬಗ್ಗೆ ಯೋಚಿಸಬಹುದಿತ್ತು. ಆಟಕ್ಕೆ ಬೇಕಿರುವುದು ಇನ್ನಷ್ಟು ದೇಶಗಳ ಪೈಲಟ್‌ಗಳು. ಕಾಂಕ್ರೀಟ್ ಈಗಾಗಲೇ ಸಾಕಷ್ಟಿದೆ.

ಮುಂದಿನ ಎರಡು ಕೂಟಗಳಲ್ಲಿ ಈ ತಂಟೆ ಇಲ್ಲ. 2030ರ ಫ್ರೆಂಚ್ ಆಲ್ಪ್ಸ್ ಒಲಿಂಪಿಕ್ಸ್‌ಗೆ 1992ರ ಲಾ ಪ್ಲಾನ್ ಟ್ರ್ಯಾಕ್ ಗೊತ್ತಾಗಿದೆ. 2034ರಲ್ಲಿ ಸಾಲ್ಟ್ ಲೇಕ್ ಸಿಟಿಗೆ 2002ರ ಪಾರ್ಕ್ ಸಿಟಿ ಟ್ರ್ಯಾಕ್ ಇದೆ. 2028ರ ಚಳಿಗಾಲದ ಯುವ ಒಲಿಂಪಿಕ್ಸ್ ಇಟಲಿಯ ಇದೇ ಭಾಗಕ್ಕೆ ಸಿಕ್ಕಿರುವುದರಿಂದ ಕೊರ್ಟಿನಾ ಟ್ರ್ಯಾಕ್‌ಗೂ ಸದ್ಯಕ್ಕೆ ಕೆಲಸ ಸಿಗಬಹುದು. ಅದಾದ ಮೇಲೆ ವರ್ಷ ವರ್ಷದ ಖರ್ಚು ಆ ಸಣ್ಣ ಊರು, ಅದರ ಜಿಲ್ಲೆ, ಅದರ ಪ್ರಾಂತ್ಯದ ತಲೆಗೆ ಬರುತ್ತದೆ. ಚೆಸಾನಾದಲ್ಲಿ ಕೈ ಎತ್ತಿದ್ದು ಆ ಖರ್ಚಿನ ಮುಂದೆಯೇ.